ಟಿನ್ ಓಪನರ್ ಜಾರಿದರೆ ಬೈಯಬೇಡಿ, ತೊಳೆಯಿರಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಟಿನ್ ಓಪನರ್ ಇರಲೇ ಇಲ್ಲ. ವರ್ಷಕ್ಕೊಮ್ಮೆ ಯಾರಾದರೂ ನೆಂಟರು ಬರುವಾಗ ರಸಗುಲ್ಲಾ ಟಿನ್ ತಂದರೆ, ಅಪ್ಪ ಅದನ್ನು ಹಿತ್ತಲಿನ ಒಗೆಯುವ ಕಲ್ಲಿನ ಮೇಲಿಟ್ಟು, ಹಳೇ ಸ್ಕ್ರೂಡ್ರೈವರ್ ಊರಿ, ಗುಂಡುಕಲ್ಲಿನಿಂದ ಹೊಡೆದು ಹೊಡೆದು ಸುತ್ತಲೂ ಒಂದೊಂದೇ ತೂತು ಮಾಡುತ್ತಾ ಹೋಗುತ್ತಿದ್ದರು. ಅರ್ಧ ಪಾಕ ಅವರ ಬನಿಯನ್ ಮೇಲೆ, ಉಳಿದದ್ದು ನಮಗೆ. ಅಪ್ಪನ ತಪ್ಪೇನಿಲ್ಲ ಬಿಡಿ. ಇಂಗ್ಲೆಂಡಿನಲ್ಲಿ ಟಿನ್ ಡಬ್ಬಿಗೆ ಪೇಟೆಂಟ್ ಸಿಕ್ಕಿದ್ದು 1810ರಲ್ಲಿ, ಅದನ್ನು ತೆಗೆಯುವ ಓಪನರ್ ಹುಟ್ಟಿದ್ದು 1850ರ ದಶಕದಲ್ಲಿ. ನಡುವಿನ ನಲವತ್ತು ಚಿಲ್ಲರೆ ವರ್ಷ ಅಲ್ಲಿಯವರೂ ಉಳಿ ಸುತ್ತಿಗೆ ಹಿಡಿದೇ ಡಬ್ಬಿ ತೆಗೆಯುತ್ತಿದ್ದರು.

ಇದೆಲ್ಲ ನೆನಪಾಗಿದ್ದು ಮೊನ್ನೆ ಅಕ್ಕನ ಮಗ ಜರ್ಮನಿಯಿಂದ ವಿಡಿಯೋ ಕಾಲ್ ಮಾಡಿದಾಗ. ಓದೋಕೆ ಹೋಗಿ ಆರು ತಿಂಗಳಾಗಿದೆ, ಬಾಡಿಗೆ ಮನೆಯ ಅಡುಗೆಮನೆಯಲ್ಲಿ ನಿಂತಿದ್ದ. "ಮಾಮ, ಈ ಓಪನರ್ ಬರೀ ಜಾರ್ತಾ ಇದೆ, ಕಡಲೆಕಾಳಿನ ಟಿನ್ನು ಅರ್ಧ ಕೊಯ್ದು ನಿಂತೋಯ್ತು, ಹೊಸದು ತಗೊಳ್ಳಾ?" ಅಂದ. ಕ್ಯಾಮೆರಾ ಹತ್ತಿರ ಹಿಡಿ ಅಂದೆ. ಹಲ್ಲಿನ ಚಕ್ರದಲ್ಲಿ ಹಲ್ಲೇ ಕಾಣುತ್ತಿರಲಿಲ್ಲ. ಕಪ್ಪಗೆ, ಜಿಡ್ಡಾಗಿ, ಹಳೇ ಟೊಮೆಟೊ ರಸವೋ ಸಕ್ಕರೆ ಪಾಕವೋ ಒಣಗಿ ಸಂದಿಗಳೆಲ್ಲ ತುಂಬಿಹೋಗಿತ್ತು. ಅವನಿಗಿಂತ ಮುಂಚೆ ಆ ಮನೆಯಲ್ಲಿದ್ದ ನಾಲ್ಕೈದು ಹುಡುಗರ ಊಟದ ಚರಿತ್ರೆ ಅದರಲ್ಲಿತ್ತು.

ಸಾಮಾನ್ಯವಾಗಿ ಓಪನರ್ ಕೆಡುವುದಿಲ್ಲ, ಕೊಳೆಯಾಗುತ್ತದೆ, ಅಷ್ಟೇ. ನಾವು ಅದನ್ನು ಮೊಂಡಾಗಿದೆ ಅಂತ ಎಸೆಯುತ್ತೇವೆ.

ಮೊದಲು ಹಿಡಿಯುವ ಕ್ರಮ ನೋಡೋಣ. ಎರಡು ಹಿಡಿ, ಒಂದು ಬ್ಲೇಡ್, ಅದರ ಕೆಳಗೊಂದು ಹಲ್ಲಿನ ಚಕ್ರ, ಪಕ್ಕದಲ್ಲಿ ತಿರುಗಿಸುವ ಕೀ, ಇದು ಈಗ ಎಲ್ಲ ಕಡೆ ಸಿಗುವ ಓಪನರ್. ಬ್ಲೇಡ್ ಕೊಯ್ಯುತ್ತದೆ, ಆದರೆ ಡಬ್ಬಿಯನ್ನು ಹಿಡಿದು ಮುಂದೆ ತಳ್ಳುವುದು ಹಲ್ಲಿನ ಚಕ್ರ. 1870ರಲ್ಲಿ ಅಮೆರಿಕದ ವಿಲಿಯಂ ಲೈಮನ್ ಸುತ್ತ ತಿರುಗುವ ಬ್ಲೇಡ್ ಮಾಡಿದ, ಆದರೆ ಅದನ್ನು ಬಳಸಬೇಕಾದರೆ ಮುಚ್ಚಳದ ನಡುವೆ ತೂತು ಮಾಡಿ ಊರಿಕೊಳ್ಳಬೇಕಿತ್ತು. 1925ರ ಹೊತ್ತಿಗೆ ಅಂಚು ಕಚ್ಚಿ ಹಿಡಿಯುವ ಹಲ್ಲಿನ ಚಕ್ರ ಸೇರಿದ ಮೇಲೆಯೇ ಕೆಲಸ ಸಲೀಸಾಗಿದ್ದು. ಆ ಹಲ್ಲು ಮುಚ್ಚಿಹೋದರೆ ಬ್ಲೇಡ್ ಎಷ್ಟು ಹರಿತ ಇದ್ದರೂ ಪ್ರಯೋಜನ ಇಲ್ಲ.

ಡಬ್ಬಿಯ ಮೇಲ್ಭಾಗವನ್ನು ಮೊದಲು ತೊಳೆದು ಒರೆಸಿ. ಅಂಗಡಿಯ ಧೂಳು, ಗೋಡೌನಿನ ಕೊಳೆ ಎಲ್ಲ ಅದರ ಮೇಲಿರುತ್ತದೆ, ಬ್ಲೇಡ್ ಅದನ್ನೇ ಒಳಗೆ ತಳ್ಳುತ್ತದೆ. ಕೈಯಲ್ಲಿ ಎತ್ತಿ ಹಿಡಿಯಬೇಡಿ, ಕಟ್ಟೆಯ ಮೇಲೆ ಇಡಿ. ಈಗ ಹಿಡಿಗಳನ್ನು ಅಗಲಿಸಿ, ಡಬ್ಬಿಯ ಉಬ್ಬಿದ ಅಂಚು ಎರಡರ ನಡುವೆ ಬರುವಂತೆ ಕೂರಿಸಿ. ಬ್ಲೇಡ್ ಅಂಚಿನ ಒಳಗಡೆ ಮುಚ್ಚಳದ ಮೇಲೆ, ಹಲ್ಲಿನ ಚಕ್ರ ಅಂಚಿನ ಹೊರಗಡೆ ಕೆಳಗೆ. ಓಪನರ್ ನೆಟ್ಟಗೆ ಇರಬೇಕು, ವಾಲಿದರೆ ಅರ್ಧ ಸುತ್ತಿಗೇ ಜಾರುತ್ತದೆ. ಡಬ್ಬಿಯ ಪಕ್ಕದಲ್ಲಿ ಮೇಲಿಂದ ಕೆಳಗೆ ಒಂದು ಬೆಸುಗೆ ಗೆರೆ ಇರುತ್ತದಲ್ಲ, ಅಲ್ಲಿಂದ ಶುರು ಮಾಡಬೇಡಿ, ಅಲ್ಲಿ ತಗಡು ದಪ್ಪ. ಅಂಚು ನೆಗ್ಗಿದ ಜಾಗದಿಂದಲೂ ಬೇಡ.

ಎಡಗೈಯಲ್ಲಿ ಎರಡೂ ಹಿಡಿ ಸೇರಿಸಿ ಗಟ್ಟಿಯಾಗಿ ಒತ್ತಿ. ಟಪ್ ಅಂತ ತಗಡು ತೂತಾಗಿದ್ದು ಕೈಗೇ ಗೊತ್ತಾಗುತ್ತದೆ, ಕೆಲವು ಡಬ್ಬಿಯಲ್ಲಿ ಸಣ್ಣಗೆ ಟುಸ್ ಅಂತ ಗಾಳಿ ಒಳಗೆ ಎಳೆದುಕೊಂಡ ಸದ್ದೂ ಬರುತ್ತದೆ. ಆ ಸದ್ದು ಬಂದರೆ ಗಾಬರಿ ಬೇಡ, ಒಳಗೆ ಗಾಳಿ ಇರಲಿಲ್ಲ ಅಂತ ಅರ್ಥ. ಆಮೇಲೆ ಬಲಗೈಯಲ್ಲಿ ಕೀಯನ್ನು ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುಗಿಸುತ್ತಾ ಹೋಗಿ. ಹೆಚ್ಚಿನವರು ತಪ್ಪು ಮಾಡುವುದು ಇಲ್ಲೇ. ಕೀ ತಿರುಗಿಸುವ ಗಡಿಬಿಡಿಯಲ್ಲಿ ಎಡಗೈ ಸಡಿಲ ಬಿಡುತ್ತಾರೆ, ಬ್ಲೇಡ್ ಮೇಲೇಳುತ್ತದೆ, ಎರಡು ಇಂಚು ಕೊಯ್ಯದೆ ಉಳಿಯುತ್ತದೆ, ಆಮೇಲೆ ಚಾಕು ತಂದು ಮೀಟುವುದು, ಬೆರಳು ಕೊಯ್ದುಕೊಳ್ಳುವುದು. ಎಡಗೈ ಕೊನೇವರೆಗೂ ಒತ್ತಿಯೇ ಇರಲಿ.

ಪೂರ್ತಿ ಸುತ್ತಬೇಡಿ. ಒಂದು ಬೆರಳಗಲ ಬಿಟ್ಟು ನಿಲ್ಲಿಸಿ, ಇಲ್ಲದಿದ್ದರೆ ಮುಚ್ಚಳ ಪಾಕದೊಳಗೆ ಮುಳುಗಿ ಕೂರುತ್ತದೆ. ಬಿಟ್ಟ ಜಾಗವೇ ತಿರುಗಣಿ ಥರ ಕೆಲಸ ಮಾಡುತ್ತದೆ, ಚಮಚದ ಹಿಡಿ ತೂರಿಸಿ ಮುಚ್ಚಳ ಎತ್ತಿ ಹಿಂದಕ್ಕೆ ಬಗ್ಗಿಸಿ. ಬೆರಳಲ್ಲಿ ಮಾತ್ರ ಎತ್ತಬೇಡಿ. ನನ್ನ ಹೆಬ್ಬೆರಳ ಮೇಲೆ ಇವತ್ತಿಗೂ ಅರ್ಧಚಂದ್ರದ ಗುರುತಿದೆ.

ತೆಂಗಿನ ಹಾಲಿನ ಟಿನ್ ಆದರೆ ತೆಗೆಯುವ ಮುಂಚೆ ಚೆನ್ನಾಗಿ ಕುಲುಕಿ, ಗಟ್ಟಿ ಹಾಲೆಲ್ಲ ಮೇಲೆ ಕೂತಿರುತ್ತದೆ. ಆ ಗಟ್ಟಿಯೇ ಬೇಕಿದ್ದರೆ ಕುಲುಕಬೇಡಿ. ಕಂಡೆನ್ಸ್ಡ್ ಮಿಲ್ಕ್ ಸ್ವಲ್ಪವೇ ಬೇಕು ಅಂದಾಗ ಕೆಲವರು ಎದುರುಬದುರು ಎರಡು ತೂತು ಮಾಡಿ ಒಂದರಿಂದ ಸುರಿಯುತ್ತಾರೆ, ಇನ್ನೊಂದು ಗಾಳಿಗೆ. ಕೆಲಸವೇನೋ ಆಗುತ್ತದೆ, ಆದರೆ ಉಳಿದ ಹಾಲು ಇರುವೆಗೆ. ನಾನಂತೂ ಪೂರ್ತಿ ತೆಗೆದು ಗಾಜಿನ ಬಾಟಲಿಗೆ ಹಾಕಿ ಫ್ರಿಜ್ಜಿಗೆ ಇಡುತ್ತೇನೆ. ಯಾವುದೇ ಪದಾರ್ಥ ಆಗಲಿ, ತೆಗೆದ ಟಿನ್ನಲ್ಲೇ ಇಡಬೇಡಿ, ಸ್ಟೀಲ್ ಅಥವಾ ಗಾಜಿನ ಡಬ್ಬಿಗೆ ಬದಲಾಯಿಸಿ.

ಒಂದು ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಡಬ್ಬಿ ಉಬ್ಬಿದ್ದರೆ, ಸೋರುತ್ತಿದ್ದರೆ, ಅಂಚಿನ ಮಡಿಕೆಯಲ್ಲೇ ಜೋರಾಗಿ ನೆಗ್ಗಿದ್ದರೆ, ತೂತು ಮಾಡಿದ ಕೂಡಲೇ ಒಳಗಿನದು ಚಿಮ್ಮಿದರೆ, ರುಚಿ ನೋಡಲೂ ಹೋಗಬೇಡಿ. ಅದರಲ್ಲಿ ಬೊಟುಲಿಸಂ ವಿಷ ಇರಬಹುದು, ಅದು ವಾಸನೆಯಿಂದಲೂ ಬಣ್ಣದಿಂದಲೂ ಗೊತ್ತಾಗುವುದಿಲ್ಲ. ಕವರಿಗೆ ಕಟ್ಟಿ ಎಸೆಯಿರಿ, ಓಪನರ್ ತಾಗಿದ್ದರೆ ಅದನ್ನೂ ಚೆನ್ನಾಗಿ ತೊಳೆಯಿರಿ.

ಪಾತ್ರೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಕೊಕ್ಕೆ ಓಪನರ್ ಇದೆಯಲ್ಲ, ಸೋಡಾ ಬಾಟಲಿ ಮುಚ್ಚಳವನ್ನೂ ತೆಗೆಯುವಂಥದ್ದು, ಅದಕ್ಕೆ ಚಕ್ರ ಇಲ್ಲ. ಕೊಕ್ಕೆಯ ಕಚ್ಚನ್ನು ಅಂಚಿಗೆ ಸಿಕ್ಕಿಸಿ, ಮೊನೆಯನ್ನು ಮುಚ್ಚಳಕ್ಕೆ ಒತ್ತಿ ತೂತು ಮಾಡಿ, ಸ್ವಲ್ಪ ಸ್ವಲ್ಪವೇ ಮೇಲೆ ಕೆಳಗೆ ಆಡಿಸುತ್ತಾ ಮುಂದೆ ಹೋಗಬೇಕು. ದೊಡ್ಡ ದೊಡ್ಡ ಹೆಜ್ಜೆ ಹಾಕಿದರೆ ಅಂಚು ಗರಗಸ ಆಗುತ್ತದೆ. ಇನ್ನೊಂದು, ಅಂಚಿನ ಪಕ್ಕವನ್ನೇ ಬಿಡಿಸುವ ಹೊಸ ಥರದ್ದು, ಡಬ್ಬಿಯ ಮೇಲೆ ಅಡ್ಡಡ್ಡ ಮಲಗಿಸಿ ಬಳಸುವಂಥದ್ದು. ಮುಚ್ಚಳ ಪೂರ್ತಿ ಕಳಚಿ ಬರುತ್ತದೆ, ಚೂಪು ಇರುವುದಿಲ್ಲ. ಅದನ್ನು ಒಂದೇ ಸುತ್ತು ತಿರುಗಿಸಿ. ಏನೂ ಕೊಯ್ದಂಗೆ ಕಾಣಲಿಲ್ಲ ಅಂತ ಎರಡನೇ ಸುತ್ತು ಹೊಡೆದರೆ ತಗಡಿನ ನೂಲು ಏಳುತ್ತದೆ.

ಈಗ ತೊಳೆಯುವ ವಿಷಯ. ಚಾಕುವನ್ನು ದಿನಾ ತೊಳೆಯುತ್ತೇವೆ, ಓಪನರನ್ನು ಮಾತ್ರ ಟ್ಯಾಪ್ ಕೆಳಗೆ ಒಮ್ಮೆ ತೋರಿಸಿ ಡ್ರಾಯರಿಗೆ ಎಸೆಯುತ್ತೇವೆ, ಯಾಕೋ ಗೊತ್ತಿಲ್ಲ. ಬ್ಲೇಡ್ ಪ್ರತಿ ಸಲವೂ ಊಟದೊಳಗೆ ಅದ್ದಿ ಬರುತ್ತದೆ ಅಲ್ವಾ? ಬಳಸಿದ ಕೂಡಲೇ ಬಿಸಿನೀರು, ಪಾತ್ರೆ ಸೋಪು, ಹಳೇ ಟೂತ್‌ಬ್ರಷ್. ಕೀ ತಿರುಗಿಸುತ್ತಾ ಉಜ್ಜಿದರೆ ಚಕ್ರದ ಎಲ್ಲ ಹಲ್ಲೂ ಬ್ರಷ್ಷಿಗೆ ಸಿಗುತ್ತವೆ. ಒಣಗಿ ಕಲ್ಲಾಗಿದ್ದರೆ ಅರ್ಧ ಗಂಟೆ ಬಿಸಿ ಸೋಪುನೀರಲ್ಲಿ ನೆನೆಸಿ, ಹಲ್ಲಿನ ಸಂದಿಯನ್ನು ಸೂಜಿಯಲ್ಲಿ ಕೆದಕಿ. ತುಕ್ಕಿದ್ದರೆ ವಿನೆಗರಿನಲ್ಲಿ ಅರ್ಧ ಗಂಟೆ, ಆಮೇಲೆ ಉಜ್ಜಿ, ಚೆನ್ನಾಗಿ ತೊಳೆದು ಬಿಡಿ. ರಾತ್ರಿಯಿಡೀ ಬಿಡಬೇಡಿ, ಮೇಲಿನ ಲೇಪವನ್ನೂ ತಿನ್ನುತ್ತದೆ. ಡಿಶ್‌ವಾಷರಿಗೂ ಹಾಕಬೇಡಿ, ಒಳಗಿನ ಹಬೆಗೆ ತುಕ್ಕು ಬೇಗ ಹಿಡಿಯುತ್ತದೆ.

ಒಣಗಿಸುವುದನ್ನು ಮರೆಯಬೇಡಿ. ಬಟ್ಟೆಯಲ್ಲಿ ಒರೆಸಿ, ಹಿಡಿ ಅಗಲಿಸಿ ಗಾಳಿಗೆ ಇಡಿ. ಪೂರ್ತಿ ಒಣಗಿದ ಮೇಲೆ ಬ್ಲೇಡಿನ ನಡುವಿಗೂ ಚಕ್ರದ ನಡುವಿಗೂ ಒಂದೊಂದು ಹನಿ ಎಣ್ಣೆ. ಅಡುಗೆ ಎಣ್ಣೆ ಬೇಡ, ದಿನ ಕಳೆದಂತೆ ಅಂಟಾಗಿ ಮತ್ತೆ ಕೊಳೆ ಹಿಡಿಯುತ್ತದೆ. ಹೊಲಿಗೆ ಮೆಷಿನ್ ಎಣ್ಣೆಯೂ ಬೇಡ, ಊಟಕ್ಕೆ ತಾಗುವ ಜಾಗ ಅದು. ಮೆಡಿಕಲ್ ಶಾಪಿನಲ್ಲಿ ಲಿಕ್ವಿಡ್ ಪ್ಯಾರಫಿನ್ ಅಂತ ಸಿಗುತ್ತದೆ, ಅದನ್ನು ಹಚ್ಚಿ, ಜಾಸ್ತಿಯಾಗಿದ್ದನ್ನು ಒರೆಸಿ. ಮೇಣದ ಕಾಗದ ಮನೆಯಲ್ಲಿದ್ದರೆ ನಾಲ್ಕು ಮಡಿಕೆ ಮಾಡಿ ಡಬ್ಬಿಯ ಅಂಚಿನಂತೆ ಓಪನರಿಗೆ ಕಚ್ಚಿಸಿ ತಿರುಗಿಸಿ, ಮೇಣ ಚಕ್ರಕ್ಕೆ ಹತ್ತುತ್ತದೆ, ಕೊಳೆ ಕಾಗದಕ್ಕೆ.

ಇಷ್ಟೆಲ್ಲ ಮಾಡಿದ ಮೇಲೂ ಜಾರುತ್ತಿದ್ದರೆ ಹಲ್ಲು ಸವೆದಿದೆ, ಇಲ್ಲವೇ ರಿವೆಟ್ ಸಡಿಲವಾಗಿ ಬ್ಲೇಡೂ ಚಕ್ರವೂ ದೂರ ಸರಿದಿವೆ. ಅಂಚಿನಲ್ಲಿ ತಗಡಿನ ಪುಡಿ ಉದುರಲು ಶುರುವಾದರೂ ಅಷ್ಟೇ, ಅದು ಊಟಕ್ಕೆ ಬೀಳುತ್ತದೆ. ಆಗ ಹೊಸದು ತನ್ನಿ. ಕೀ ದೊಡ್ಡದಿರಲಿ, ಹಿಡಿ ದಪ್ಪಗಿರಲಿ, ಮನೆಯಲ್ಲಿ ವಯಸ್ಸಾದವರಿದ್ದರೆ ಇದೇ ಮುಖ್ಯ. ಎಡಗೈಯವರಿಗೆ ಅಂತಲೇ ಮಾಡಿದ್ದೂ ಸಿಗುತ್ತದೆ.

ಅಕ್ಕನ ಮಗ ಹೊಸದು ತರಲಿಲ್ಲ. ವಿನೆಗರಿನಲ್ಲಿ ನೆನೆಸಿ, ಯಾರದೋ ಹಳೇ ಟೂತ್‌ಬ್ರಷ್ ಹುಡುಕಿ ಉಜ್ಜಿದನಂತೆ. ರಾತ್ರಿ ಕಡಲೆಕಾಳಿನ ಉಸಲಿಯ ಫೋಟೋ ಕಳಿಸಿದ. ಒಗ್ಗರಣೆಗೆ ಕರಿಬೇವು ಸಿಗಲಿಲ್ಲವಂತೆ.