ಮರಗಸಿ ತಂಡಕ್ಕೆ ಮೊದಲ ಚಿಪ್ಪರ್: ಅಳತೆ ತೋಟದಿಂದ ಶುರುವಾಗಲಿ

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಮುಂಗಾರು ಹಿಡಿಯುವುದರೊಳಗೆ ಕೊಡಗಿನ ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮುಗಿಯಬೇಕು. ನೆರಳು ದಟ್ಟವಾಗಿಯೇ ಉಳಿದರೆ ಮಳೆಗಾಲದಲ್ಲಿ ಕಾಫಿಗೆ ಕೊಳೆ ರೋಗ ಬರುತ್ತದೆ. ಹೀಗಾಗಿ ಎಲ್ಲ ಬೆಳೆಗಾರರೂ ಅದೇ ಕೆಲವು ವಾರಗಳಲ್ಲಿ ಕರೆಯುತ್ತಾರೆ. ಮರ ಹತ್ತುವವರ ಕೆಲಸ ಬೇಗ ಮುಗಿದರೂ ಗಿಡಗಳ ಮೇಲೆ ಬಿದ್ದ ರೆಂಬೆ, ಸೊಪ್ಪು ಎಳೆದು ಹಾಕುವುದರಲ್ಲಿ ದಿನ ಕಳೆಯುತ್ತದೆ. ನಾಲ್ಕೈದು ಜನರ ತಂಡ ಕಟ್ಟಿಕೊಂಡವರು ರೆಂಬೆಗಳನ್ನು ಚೂರು ಮಾಡುವ ಚಿಪ್ಪರ್ ಯಂತ್ರದ ಬಗ್ಗೆ ಯೋಚಿಸುವುದು ಆಗಲೇ.

ಅಂಗಡಿಗೆ ಹೋಗುವ ಮೊದಲು ಒಂದು ವಾರ ನಿಮ್ಮ ಕೆಲಸವನ್ನೇ ಅಳೆಯಿರಿ. ಕಡಿದದ್ದನ್ನು ಎರಡು ರಾಶಿ ಮಾಡಿ: ಸೌದೆಗೆ ಹೋಗುವುದು ಒಂದು, ಉಳಿದದ್ದು ಇನ್ನೊಂದು. ನಮ್ಮಲ್ಲಿ ಮುಂಗೈ ದಪ್ಪ ಮೀರಿದ ಕೊಂಬೆಯನ್ನು ಯಾರೂ ಚೂರು ಮಾಡಲು ಬಿಡುವುದಿಲ್ಲ. ಅದು ಬೆಳೆಗಾರರ ಮನೆಯ ಬಚ್ಚಲೊಲೆಗೋ ಕಾರ್ಮಿಕರ ಲೈನ್‌ಮನೆಯ ಅಡುಗೆಗೋ ಹೋಗುತ್ತದೆ. ಯಂತ್ರಕ್ಕೆ ಉಳಿಯುವುದು ಸಿಲ್ವರ್ ಓಕ್, ಹಾಲುವಾಣ, ಅತ್ತಿ ಮರಗಳ ಒಂದರಿಂದ ಮೂರು ಇಂಚಿನ ರೆಂಬೆಗಳು. ನಾನು ಇದನ್ನು ಲೆಕ್ಕ ಹಾಕದೆ ಆರು ಇಂಚಿನ, ಅಂದರೆ ಅಷ್ಟು ದಪ್ಪದ ಕೊಂಬೆಯವರೆಗೆ ನುಂಗುವ, ಯಂತ್ರ ತಂದೆ. ಮೂರು ತಿಂಗಳಲ್ಲಿ ಐದು ಇಂಚಿನ ಕೊಂಬೆ ಅದರ ಬಾಯಿಗೆ ಬಿದ್ದದ್ದು ಬೆರಳೆಣಿಕೆಯಷ್ಟು ಸಲ. ಸಣ್ಣ ತಂಡಕ್ಕೆ ನಾಲ್ಕು ಇಂಚು ಸಾಕು ಎಂದು ಈಗ ಧೈರ್ಯವಾಗಿ ಹೇಳುತ್ತೇನೆ.

ಇನ್ನು ದಾರಿ. ಮಾದಾಪುರದ ಕಡೆಯ ಇಳಿಜಾರು ತೋಟಗಳಲ್ಲಿ ಜೀಪು ಹೋಗುವ ದಾರಿ ಒಂದೇ ಇರುತ್ತದೆ, ಅದೂ ತಿರುವಿನಲ್ಲಿ ಕಿರಿದು. ರೆಂಬೆ ಎಳೆದುಕೊಳ್ಳುವ ರೋಲರ್, ಚಕ್ರ, ಡೀಸೆಲ್ ಎಂಜಿನ್ ಎಲ್ಲ ಸೇರಿದ ಆರು ಇಂಚಿನ ಯಂತ್ರ ಏಳುನೂರು ಕಿಲೋ ಆಸುಪಾಸು ತೂಗಬಹುದು. ಅದನ್ನು ದಾರಿಯಲ್ಲಿ ನಿಲ್ಲಿಸಿ ಇಳಿಜಾರಿನ ಕೆಳಗಿನ ಸಾಲುಗಳಿಂದ ಸೊಪ್ಪು ಹೊತ್ತು ತರಿಸಿದರೆ ಉಳಿಸಿದ ಕೂಲಿ ಅಲ್ಲಿಗೇ ಕರಗಿತು. ಪಿಕಪ್‌ಗೆ ಏರಿಸಬಹುದಾದ, ಇಬ್ಬರು ತಳ್ಳಿಕೊಂಡು ಹೋಗಬಹುದಾದ ಯಂತ್ರವೇ ಗಿಡದ ಸಾಲಿನ ತನಕ ಬರುತ್ತದೆ. ಗೋಣಿಕೊಪ್ಪಲು ಕಡೆ ಸಮತಟ್ಟಾದ ರೊಬಸ್ಟಾ ತೋಟಗಳಿದ್ದು ಸ್ವಂತ ಟ್ರ್ಯಾಕ್ಟರ್ ಇರುವವರಿಗೆ ಟ್ರ್ಯಾಕ್ಟರಿನ ಪಿ.ಟಿ.ಒ.ಗೆ (ಎಂಜಿನ್ ಬಲವನ್ನು ಹೊರಗಿನ ಯಂತ್ರಕ್ಕೆ ಕೊಡುವ ತಿರುಗುವ ದಂಡಕ್ಕೆ) ಜೋಡಿಸುವ ಮಾದರಿ ಒಳ್ಳೆಯದು. ಬೇರೆ ಎಂಜಿನ್ ಸಾಕುವ ಖರ್ಚು ಉಳಿಯುತ್ತದೆ.

ನಾನು ಅತಿ ಹೆಚ್ಚು ಒತ್ತು ಕೊಡುವುದು ಯಂತ್ರದ ಬಾಯಿಗೆ. ‘ನಾಲ್ಕು ಇಂಚು’ ಎಂದರೆ ನೇರವಾದ ಕೋಲಿನ ಲೆಕ್ಕ. ಮರದಿಂದ ಬೀಳುವುದು ಕವಲು ಕವಲಾದ ರೆಂಬೆ. ಒಳಬಾಯಿ ಕಿರಿದಾಗಿದ್ದರೆ ಪ್ರತಿ ಕವಲನ್ನೂ ಕತ್ತಿಯಲ್ಲಿ ಸವರಿ ಕೊಡಬೇಕು, ಅದಕ್ಕೇ ಒಬ್ಬ ಆಳು. ಆದ್ದರಿಂದ ಟೇಪು ಹಿಡಿದು ಒಳಬಾಯಿಯ ಅಗಲವನ್ನು ನೀವೇ ಅಳೆಯಿರಿ. ರೆಂಬೆಯನ್ನು ತಾನೇ ಎಳೆದುಕೊಳ್ಳುವ ರೋಲರ್ ಇದ್ದರೆ ಕೈಗೆ ದಣಿವು ಕಡಿಮೆ. ಎಂಜಿನ್ ವೇಗ ಕುಸಿದಾಗ ರೋಲರ್ ತಾನಾಗಿ ನಿಂತು, ವೇಗ ಬಂದ ಮೇಲೆ ಮತ್ತೆ ಎಳೆಯುವ ವ್ಯವಸ್ಥೆಯೂ ಇದ್ದರೆ ಯಂತ್ರ ಕಟ್ಟಿಕೊಳ್ಳುವುದು ತಪ್ಪುತ್ತದೆ. ರೋಲರ್ ಇಲ್ಲದ ಮಾದರಿ ಅಗ್ಗ, ಆದರೆ ಹಗಲಿಡೀ ಕೆಲಸವಿರುವ ತಂಡಕ್ಕೆ ನಾನು ಅದನ್ನು ಸೂಚಿಸುವುದಿಲ್ಲ.

ಪರೀಕ್ಷೆಗೆ ಹೋಗುವಾಗ ನಿಮ್ಮದೇ ಒಂದು ಪಿಕಪ್ ರೆಂಬೆ ಒಯ್ಯಿರಿ. ಹಸಿ ಹಾಲುವಾಣ, ಒಣಗಿದ ಗಟ್ಟಿ ಕೊಂಬೆ, ಎಲೆ ತುಂಬಿದ ತುದಿ ಎಲ್ಲವೂ ಇರಲಿ. ಮಾರಾಟಗಾರರು ಹಾಕಿ ತೋರಿಸುವ ನೇರ ಸಿಲ್ವರ್ ಓಕ್ ಕೋಲಿನಿಂದ ಏನೂ ತಿಳಿಯುವುದಿಲ್ಲ. ಹಸಿ ಸೊಪ್ಪು ಚೂರು ಹೊರಬೀಳುವ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆಯೇ, ಸಿಕ್ಕಿದರೆ ಬಿಡಿಸಲು ಎಷ್ಟು ಹೊತ್ತು ಎಂದು ನೋಡಿ.

ಸುರಕ್ಷತೆಯಲ್ಲಿ ಚೌಕಾಶಿ ಬೇಡ. ರೋಲರನ್ನು ತಕ್ಷಣ ನಿಲ್ಲಿಸುವ, ಹಿಂದಕ್ಕೆ ತಿರುಗಿಸುವ ಅಡ್ಡಪಟ್ಟಿ ಬಾಯಿಯ ಬಳಿಯೇ ಕೈಗೆಟಕುವಂತಿರಬೇಕು. ಮರ ಹತ್ತುವ ಹಗ್ಗ ಯಂತ್ರದ ಹತ್ತಿರ ಬರಲೇಬಾರದು; ರೆಂಬೆಯ ಜೊತೆ ಹಗ್ಗವೂ ಒಳಹೋದರೆ ಮೇಲಿರುವ ಮನುಷ್ಯನ ಜೀವ ಹೋಗುತ್ತದೆ. ಸಡಿಲ ಅಂಗಿ, ತಲೆಗೆ ಸುತ್ತಿದ ವಸ್ತ್ರ ಬೇಡ. ಕಣ್ಣಿಗೆ, ಕಿವಿಗೆ ರಕ್ಷಣೆ ಬೇಕು. ಎಂಜಿನ್ ಆರಿಸಿದ ಮೇಲೂ ಬ್ಲೇಡ್ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಅದು ಪೂರ್ತಿ ನಿಂತು, ಕೀಲಿ ನಿಮ್ಮ ಜೇಬಿಗೆ ಬಂದ ನಂತರವೇ ಮುಚ್ಚಳ ತೆಗೆಯಿರಿ.

ಚೂರು ತೋಟದಲ್ಲೇ ಉಳಿಯಲಿ. ಕಾಫಿ ಬುಡದಿಂದ ಒಂದು ಗೇಣು ಬಿಟ್ಟು ಹೊದಿಕೆಯಾಗಿ ಹರಡಿ. ಮಣ್ಣಿನೊಳಗೆ ಸೇರಿಸಬೇಡಿ, ಹಸಿ ಮರದ ಚೂರು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡ, ಸೊರಗು ರೋಗದಿಂದ ಸತ್ತ ಮೆಣಸಿನ ಬಳ್ಳಿ ಯಂತ್ರಕ್ಕೆ ಬರಬಾರದು. ಅವನ್ನು ಸುಡುವುದೇ ಸರಿ. ಅನುಮಾನವಿದ್ದರೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಕೇಳಿ. ಮಣ್ಣು ಅಂಟಿದ ಬೇರು, ಬೊಡ್ಡೆಗಳನ್ನೂ ಹಾಕಬೇಡಿ, ಬ್ಲೇಡ್ ಮೊಂಡಾಗುತ್ತದೆ. ಚೂರಿನ ಬದಲು ನಾರು, ಪುಡಿ ಬರತೊಡಗಿದರೆ ಸಾಣೆಗೆ ಸಮಯವಾಯಿತೆಂದು ತಿಳಿಯಿರಿ.

ಹಣ ಕೊಡುವ ಮೊದಲು ಇನ್ನೊಂದು ಮಾತು ಕೇಳಿ: ಬ್ಲೇಡ್, ಬೆಲ್ಟ್ ಎಲ್ಲಿ ಸಿಗುತ್ತವೆ, ಎಷ್ಟು ದಿನದಲ್ಲಿ? ಕುಶಾಲನಗರದಲ್ಲಿ ಸಿಗುವ ಬ್ಲೇಡಿಗೂ ಬೆಂಗಳೂರಿನಿಂದ ಬರಬೇಕಾದ ಬ್ಲೇಡಿಗೂ ಮೇ ತಿಂಗಳಲ್ಲಿ ಬಹಳ ವ್ಯತ್ಯಾಸವಿದೆ. ಒಂದು ಜೊತೆ ಹೆಚ್ಚುವರಿ ಬ್ಲೇಡನ್ನು ಯಂತ್ರದ ಜೊತೆಯಲ್ಲೇ ಬಿಲ್ಲಿಗೆ ಸೇರಿಸಿ ತನ್ನಿ.