ಟ್ರ್ಯಾಕ್‌ನಲ್ಲಿ ಮೊದಲನೇ ರೌಂಡ್‌ಗೇ ಸುಸ್ತಾಗದೆ ಸ್ಪೀಡ್ ವರ್ಕೌಟ್ ಮಾಡೋದು ಹೇಗೆ?

ಮ್ಯಾರಥಾನ್‌ಗೆ ಅಂತ ರನ್ನಿಂಗ್ ಗ್ರೂಪ್ ಸೇರಿದೋರು ವಾರದ ಮಾಮೂಲಿ ಓಟ ಸರಿಯಾಗೇ ಓಡ್ತಾರೆ, ಭಾನುವಾರದ ಲಾಂಗ್ ರನ್ ಕೂಡ ಮಾತಾಡ್ಕೊಂಡು ಆರಾಮಾಗಿ ಮುಗಿಸ್ತಾರೆ, ಕೆಡಿಸ್ಕೊಳ್ಳೋದೆಲ್ಲ ವಾರಕ್ಕೊಂದ್ಸಲ ಬರೋ ಸ್ಪೀಡ್ ವರ್ಕೌಟ್‌ನಲ್ಲಿ, ಅಂದ್ರೆ 400, 800 ಮೀಟರ್ ಜೋರಾಗಿ ಓಡಿ, ನಡುವೆ ಜಾಗಿಂಗ್ ಮಾಡಿ, ಮತ್ತೆ ಮತ್ತೆ ಓಡೋ ದಿನ. ಬೆಳಗ್ಗೆ ಬೆಂಗಳೂರಿನ ಕಂಠೀರವ ಸ್ಟೇಡಿಯಂಗೆ ಹೋಗಿ ಅರ್ಧ ಗಂಟೆ ನಿಂತು ನೋಡಿ, ಮೊದಲನೇ 800 ಮೀಟರ್‌ನಲ್ಲಿ ಎಲ್ಲರಿಗಿಂತ ಮುಂದಿದ್ದೋರು ನಾಲ್ಕನೇದು ಬರೋ ಹೊತ್ತಿಗೆ ಸೊಂಟದ ಮೇಲೆ ಕೈ ಇಟ್ಕೊಂಡು ಹೊರಗಿನ ಲೇನ್‌ನಲ್ಲಿ ನಡೀತಿರ್ತಾರೆ. ತಾಕತ್ತು ಇದೆ, ಲೆಕ್ಕ ತಪ್ಪಿದೆ. ಆ ಲೆಕ್ಕ ಹೇಳ್ಕೊಡೋಕೆ ಇದನ್ನ ಬರೀತಿದೀನಿ.

ಮೊದಲು, ಎಷ್ಟು ಓಡ್ಬೇಕು ಅಂತ ಗೊತ್ತು ಮಾಡ್ಕೊಳ್ಳಿ. ಎರಡು ಮೂರು ತಿಂಗಳಿಂದ ಬಿಡದೆ ಓಡ್ತಿದ್ರೆ, 10 ಕಿಲೋಮೀಟರ್ ನಿಲ್ಲದೆ ಓಡೋಕಾದ್ರೆ ಮಾತ್ರ ಸ್ಪೀಡ್ ವರ್ಕೌಟ್‌ಗೆ ಬನ್ನಿ. ವಾರಕ್ಕೆ ಓಡೋ ಒಟ್ಟು ದೂರದಲ್ಲಿ ಜೋರಾಗಿ ಓಡೋದು ಹತ್ತರಲ್ಲಿ ಒಂದು ಭಾಗ ದಾಟಬಾರದು. ವಾರಕ್ಕೆ 40 ಕಿಲೋಮೀಟರ್ ಅಂದ್ರೆ ಜೋರು 4 ಕಿಲೋಮೀಟರ್, ಅಂದ್ರೆ ಐದು ಸಲ 800 ಮೀಟರ್. ಪಕ್ಕದೋರು ಹತ್ತು ಮಾಡ್ತಿದ್ರೆ ಮಾಡ್ಲಿ, ಅವರ ವಾರದ ದೂರ ಬೇರೆ.

ಜಾಗ. ಟ್ರ್ಯಾಕ್ ಸಿಕ್ಕಿದ್ರೆ ಟ್ರ್ಯಾಕೇ ಸರಿ. ಸ್ಟೇಡಿಯಂನಲ್ಲಿ ಮ್ಯಾಚೋ ಕ್ರೀಡಾಕೂಟವೋ ಇದ್ದು ಒಳಗೆ ಬಿಡ್ಲಿಲ್ಲ ಅಂದ್ರೆ ಪಕ್ಕದಲ್ಲೇ ಕಬ್ಬನ್ ಪಾರ್ಕ್ ಇದೆ, ಆದ್ರೆ ಅಲ್ಲಿ ಮರಗಳ ಕೆಳಗೆ ಜಿಪಿಎಸ್ ವಾಚು ತೋರಿಸೋ ಪೇಸ್ (ಒಂದು ಕಿಲೋಮೀಟರ್‌ಗೆ ಹಿಡಿಯೋ ಟೈಮ್) ನಂಬ್ಬೇಡಿ, ದೂರದ ಬದಲು ಟೈಮ್ ಇಟ್ಕೊಳ್ಳಿ, ನಾಲ್ಕು ನಿಮಿಷ ಜೋರು ಮೂರು ನಿಮಿಷ ಜಾಗಿಂಗ್ ಅಂತ. ಲಾಲ್‌ಬಾಗ್ ಮಾತ್ರ ಬೇಡ. ಬೆಳಗ್ಗೆ ವಾಕಿಂಗ್‌ಗೆ ಬರೋ ಹಿರಿಯರ ಮಧ್ಯೆ ನುಗ್ಗಿ ಓಡೋದು ಅವರಿಗೂ ಅಪಾಯ, ನಿಮಗೂ ಪೇಸ್ ಸಿಗಲ್ಲ.

ವಾರ್ಮ್ ಅಪ್. 15 ನಿಮಿಷ ನಿಧಾನ ಜಾಗಿಂಗ್, ಕಾಲು ಬೀಸೋದು, ಮಂಡಿ ಎತ್ತೆತ್ತಿ ಓಡೋ ಹೈ ನೀಸ್, ಆಮೇಲೆ 100 ಮೀಟರ್ ಸ್ಟ್ರೈಡ್ಸ್ (ಮೆಲ್ಲಗೆ ವೇಗ ಏರಿಸ್ತಾ ಹೋಗೋ ಚಿಕ್ಕ ಓಟ) ನಾಲ್ಕು. ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಂಡು ಲೇಟಾಗಿ ಬಂದ್ರೆ ಒಂದು ರಿಪೀಟ್ (ಒಂದು ಸಲದ ಜೋರು ಓಟ) ಬಿಡಿ, ವಾರ್ಮ್ ಅಪ್ ಬಿಡ್ಬೇಡಿ. ಹೊಟ್ಟೆಗೆ ಮುಕ್ಕಾಲು ಗಂಟೆ ಮುಂಚೆ ಒಂದೆರಡು ಏಲಕ್ಕಿ ಬಾಳೆಹಣ್ಣು, ಬೇಕಾದ್ರೆ ಅರ್ಧ ಲೋಟ ಕಾಫಿ, ಸಾಕು. ಒಂದು ಗಂಟೆ ವರ್ಕೌಟ್‌ಗೆ ಎನರ್ಜಿ ಜೆಲ್ ಹೀರೋದು ದುಡ್ಡು ದಂಡ, ಅದನ್ನ ಲಾಂಗ್ ರನ್‌ಗೆ ಇಟ್ಕೊಳ್ಳಿ.

ಈಗ ಪೇಸ್, ಎಲ್ಲರೂ ಎಡವೋದು ಇಲ್ಲೇ. ನಾಲ್ಕು ಗಂಟೆಯಲ್ಲಿ ಮ್ಯಾರಥಾನ್ ಮುಗಿಸ್ಬೇಕು ಅನ್ನೋರನ್ನೇ ತಗೊಳ್ಳೋಣ. 42.195 ಕಿಲೋಮೀಟರ್‌ಗೆ ನಾಲ್ಕು ಗಂಟೆ ಅಂದ್ರೆ ಕಿಲೋಮೀಟರ್‌ಗೆ 5 ನಿಮಿಷ 41 ಸೆಕೆಂಡ್. ಓಟಗಾರರಲ್ಲಿ ಯಾಸ್ಸೋ 800 ಅಂತ ಒಂದು ಲೆಕ್ಕ ಚಾಲ್ತಿಯಲ್ಲಿದೆ, ಬಾರ್ಟ್ ಯಾಸ್ಸೋ ಅನ್ನೋ ಅಮೆರಿಕದ ಓಟಗಾರರ ಹೆಸರಲ್ಲಿರೋದು: ಮ್ಯಾರಥಾನ್‌ಗೆ ಎಷ್ಟು ಗಂಟೆಯೋ 800 ಮೀಟರ್‌ಗೆ ಅಷ್ಟು ನಿಮಿಷ, ಹಾಗೆ ಹತ್ತು ಸಲ ಓಡೋಕಾದ್ರೆ ಗುರಿ ಮುಟ್ತೀರಿ ಅಂತ. ಭವಿಷ್ಯ ಹೇಳೋಕೆ ಇದು ಸ್ವಲ್ಪ ಉದಾರ, ಇದನ್ನ ನಂಬಿ ಮ್ಯಾರಥಾನ್ ಟೈಮ್ ಬರೆದಿಟ್ಕೋಬೇಡಿ, ಆದ್ರೆ ವರ್ಕೌಟ್‌ನ ಪೇಸ್ ಇಡೋಕೆ ಚೆನ್ನಾಗಿ ಕೂರುತ್ತೆ. ಅಂದ್ರೆ ನಿಮ್ಮ 800 ನಾಲ್ಕು ನಿಮಿಷಕ್ಕೆ, 400ರ ಒಂದು ರೌಂಡ್ ಎರಡು ನಿಮಿಷಕ್ಕೆ, 200 ಒಂದು ನಿಮಿಷಕ್ಕೆ, 100 ಮೂವತ್ತು ಸೆಕೆಂಡ್‌ಗೆ. ಈ ನಾಲ್ಕು ನಂಬರ್ ಬಾಯಿಪಾಠ ಮಾಡ್ಕೊಳ್ಳಿ.

ಶುರುವಿನಲ್ಲಿ ಕಾಲು ಹಗುರಾಗಿರುತ್ತೆ, ಸುತ್ತ ಜನ ಇರ್ತಾರೆ, ಹಿಂದಿನಿಂದ ಯಾರೋ "ಬಾ ಮಗಾ" ಅಂತಾರೆ, ಮೊದಲನೇ 200 ಮೀಟರ್ 50 ಸೆಕೆಂಡ್‌ಗೆ ಹೋಗ್ಬಿಡುತ್ತೆ, ಹತ್ತು ಸೆಕೆಂಡ್ ತಾನೇ ಅನ್ಸುತ್ತೆ, ಆದ್ರೆ ಅದು ಕಿಲೋಮೀಟರ್‌ಗೆ 4:10ರ ಪೇಸ್, ನಿಮ್ಮದು 5:00. ಉಸಿರಿಗೆ ಆ ಸಾಲ ಗೊತ್ತಾಗೋದು 500 ಮೀಟರ್ ದಾಟಿದ ಮೇಲೆ, ಅಷ್ಟೊತ್ತಿಗೆ ತಡ. ಅದಕ್ಕೇ ಮೊದಲನೇ ರಿಪೀಟ್‌ನ ಬೇಕಂತಲೇ ನಾಲ್ಕೈದು ಸೆಕೆಂಡ್ ನಿಧಾನ ಓಡಿ. 100 ಮೀಟರ್ ಗುರುತಲ್ಲಿ ವಾಚ್ ನೋಡಿ, 27 ಇದ್ರೆ ಅಲ್ಲೇ ತಡೆದ್ಕೊಳ್ಳಿ, 200ರಲ್ಲಿ ಮತ್ತೆ ನೋಡಿ. ಮೊದಲನೇದು 4:04, ನಡುವಿನವು 4:00, ಕೊನೇದು 3:57 ಬಂದ್ರೆ ಅದಕ್ಕಿಂತ ಒಳ್ಳೆ ವರ್ಕೌಟ್ ಇಲ್ಲ. 3:40ರಲ್ಲಿ ಶುರುವಾಗಿ 4:25ರಲ್ಲಿ ಮುಗಿದಿದ್ರೆ ಸರಾಸರಿ ಎಷ್ಟೇ ಚೆನ್ನಾಗಿರ್ಲಿ, ಮ್ಯಾರಥಾನ್‌ನ 32ನೇ ಕಿಲೋಮೀಟರ್‌ನಲ್ಲಿ ಕುಸಿಯೋದನ್ನೇ ಅಭ್ಯಾಸ ಮಾಡಿದ ಹಾಗಾಯ್ತು.

ವಾಚ್ ಬಗ್ಗೆ ಒಂದು ಮಾತು. ಜಿಪಿಎಸ್ ವಾಚ್ ಟ್ರ್ಯಾಕ್‌ನ ತಿರುವುಗಳಲ್ಲಿ ದೂರ ತಪ್ಪಾಗಿ ತೋರಿಸುತ್ತೆ, ಆಟೋ ಲ್ಯಾಪ್ (ವಾಚು ತಾನೇ ದೂರ ಅಳೆದು ಟೈಮ್ ಗುರುತು ಮಾಡೋದು) ಆಫ್ ಮಾಡಿ, ಗೆರೆ ದಾಟಿದಾಗ ನೀವೇ ಬಟನ್ ಒತ್ತಿ. 400 ಮೀಟರ್ ಅನ್ನೋದು ಒಳಗಿನ ಮೊದಲನೇ ಲೇನ್‌ಗೆ ಮಾತ್ರ, ಎರಡನೇದರಲ್ಲಿ 7 ಮೀಟರ್ ಜಾಸ್ತಿ, ಎಂಟನೇದರಲ್ಲಿ 53 ಮೀಟರ್ ಜಾಸ್ತಿ.

ಗ್ರೂಪ್‌ನಲ್ಲಿ ಓಡೋ ರೀತಿ. ನೀವು ಯಾವ ಪೇಸ್ ಗ್ರೂಪ್ ಅಂತ ಇತ್ತೀಚೆಗೆ ಓಡಿದ 10ಕೆ (10 ಕಿಲೋಮೀಟರ್) ಟೈಮ್ ಹೇಳುತ್ತೆ. 52 ನಿಮಿಷದ ಆಸುಪಾಸು ಇದ್ರೆ ಈ ನಾಲ್ಕು ನಿಮಿಷದ ಗ್ರೂಪು, 58 ಇದ್ರೆ ಅದರ ಹಿಂದಿನದು, ಸ್ನೇಹಿತರು ಮುಂದಿನ ಗ್ರೂಪ್‌ನಲ್ಲಿದ್ದಾರೆ ಅನ್ನೋದು ಕಾರಣ ಆಗ್ಬಾರದು, ಅವರ ಜೊತೆ ಇಡ್ಲಿ ತಿನ್ನೋವಾಗ ಸೇರ್ಕೋಬಹುದು. ಐದಾರು ಜನ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಓಡಿ. ಪ್ರತಿ ರಿಪೀಟ್‌ಗೂ ಬೇರೆಯೋರು ಮುಂದೆ ಬರ್ಬೇಕು, ಮುಂದಿರೋರು 200ಕ್ಕೊಂದ್ಸಲ ಟೈಮ್ ಕೂಗಿ ಹೇಳ್ಬೇಕು, ಹಿಂದಿರೋರು ಅವರ ಪಕ್ಕಕ್ಕೆ ಅರ್ಧ ಹೆಜ್ಜೆ ಮುಂದೆ ಬಂದು ಒತ್ತಬಾರದು. ಈ ಅರ್ಧ ಹೆಜ್ಜೆಯಿಂದಲೇ ಇಡೀ ಗ್ರೂಪ್‌ನ ಪೇಸ್ ಏರ್ತಾ ಹೋಗುತ್ತೆ, ಕೋಚ್ ಇದ್ರೆ "ಸರ್, ಸ್ವಲ್ಪ ಹಿಡೀರಿ" ಅಂತ ಹೇಳ್ಸಿ, ಇಲ್ಲಾಂದ್ರೆ ನೀವೇ ಹೇಳಿ, ಅಕ್ಕ ಇರ್ಲಿ ಅಂಕಲ್ ಇರ್ಲಿ, ಸಂಕೋಚ ಬೇಡ. ಸುಸ್ತಾದ್ರೆ ಮೊದಲನೇ ಲೇನ್‌ನಲ್ಲಿ ಗಕ್ಕನೆ ನಿಲ್ಲಬೇಡಿ, ಹಿಂದೆ ತಿರುಗಿ ನೋಡಿ ಹೊರಗಿನ ಲೇನ್‌ಗೆ ಸರಿದು ನಿಧಾನ ಮಾಡಿ. ಇಯರ್‌ಫೋನ್ ಬ್ಯಾಗ್‌ನಲ್ಲೇ ಇರ್ಲಿ, ಹಿಂದಿಂದ ಕೂಗಿದ್ದು ಕೇಳಿಸದೆ ಡಿಕ್ಕಿ ಹೊಡ್ದಿರೋದು ಕಣ್ಣಾರೆ ನೋಡಿದೀನಿ.

ನಡುವಿನ ಜಾಗಿಂಗ್. 400 ಮೀಟರ್, ಹೊರಗಿನ ಲೇನ್‌ನಲ್ಲಿ, ಸುಮಾರು ಮೂರು ನಿಮಿಷಕ್ಕೆ. ನಿಂತ್ಕೊಂಡು ಫೋಟೋ ತಗೊಂಡು ಆರು ನಿಮಿಷ ಕಳೆದು ಮತ್ತೆ ಓಡಿದ್ರೆ ಅದು ಬೇರೆ ವರ್ಕೌಟೇ ಆಗ್ಬಿಡುತ್ತೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000, 10,000, ಮ್ಯಾರಥಾನ್ ಮೂರಕ್ಕೂ ಚಿನ್ನ ಗೆದ್ದ ಎಮಿಲ್ ಝಾಟೋಪೆಕ್ 400 ಮೀಟರ್‌ಗಳ ನಡುವೆ 200 ಮೀಟರ್ ಜಾಗಿಂಗ್ ಮಾಡ್ತಿದ್ರು, ಅದನ್ನೂ ವರ್ಕೌಟ್‌ನ ಭಾಗ ಅಂತಲೇ ಇಟ್ಕೊಂಡಿದ್ರು. ಜಾಗ್ ಮಾಡೋಕೇ ಆಗ್ತಿಲ್ಲ ಅಂದ್ರೆ ಹಿಂದಿನ ರಿಪೀಟ್ ಜೋರಾಯ್ತು ಅಂತ ಅರ್ಥ, ಮುಂದಿನದು ಐದು ಸೆಕೆಂಡ್ ನಿಧಾನ ಮಾಡಿ, ಆಗ್ಲೂ ಆಗ್ಲಿಲ್ಲ ಅಂದ್ರೆ ಅವತ್ತಿಗೆ ನಿಲ್ಸಿ.

ನೋವಿದ್ರೂ ಓಡ್ಬೇಕು ಅಂತ ಪೇನ್‌ಕಿಲ್ಲರ್ ನುಂಗಿ ಬರೋರು ಇದಾರೆ. ದಯವಿಟ್ಟು ಬೇಡ. ಬೆವರು ಹೋಗಿ ಮೈಯಲ್ಲಿ ನೀರು ಕಮ್ಮಿಯಾಗಿರೋವಾಗ ಐಬುಪ್ರೊಫೆನ್ ಥರದ ಮಾತ್ರೆ ಕಿಡ್ನಿಗೆ ಕೆಟ್ಟದ್ದು, ಜೊತೆಗೆ ನೋವು ಮುಚ್ಚಿಹೋಗಿ ಗಾಯ ದೊಡ್ಡದಾಗುತ್ತೆ. ಮೀನಖಂಡದಲ್ಲಿ ಚುಚ್ಚಿದ ಹಾಗಾದ್ರೆ ಚೀಲ ಎತ್ಕೊಂಡು ಮನೆಗೆ ಹೋಗಿ. ಶೂ ವಿಷಯದಲ್ಲೂ ಅಷ್ಟೇ, ಕಾರ್ಬನ್ ಪ್ಲೇಟ್ ಶೂ (ಅಡಿಭಾಗದೊಳಗೆ ಗಟ್ಟಿ ಕಾರ್ಬನ್ ಹಾಳೆ ಇರೋ ರೇಸ್ ಶೂ) ಪ್ರತಿ ವಾರ ಹಾಕ್ಬೇಡಿ, ರೇಸ್‌ಗೆ ಮುಂಚೆ ಒಂದೆರಡು ಸಲ ಹಾಕಿ ರೂಢಿ ಮಾಡ್ಕೊಂಡ್ರೆ ಸಾಕು, ಅರ್ಧ ಬೆಲೆಗೆ ಸಿಗೋ ನಕಲಿಗಳನ್ನಂತೂ ಮುಟ್ಲೇಬೇಡಿ. ಕಾಟನ್ ಸಾಕ್ಸ್ ಬೆವರು ಹಿಡ್ಕೊಂಡು ಬೊಬ್ಬೆ ಬರ್ಸುತ್ತೆ.

ಕೂಲ್ ಡೌನ್. ಹತ್ತು ನಿಮಿಷ ಜಾಗಿಂಗ್, ನೀರು, ತಿಂಡಿ.

ವಾರಗಳ ಲೆಕ್ಕ. ರೇಸ್‌ಗೆ ಮೂರು ತಿಂಗಳಿರೋವಾಗ 400, ಆಮೇಲೆ 800, ಆಮೇಲೆ 1,600 ಮೀಟರ್‌ನ ಸ್ವಲ್ಪ ನಿಧಾನದ ರಿಪೀಟ್‌ಗಳು, ಕೊನೆಯ ತಿಂಗಳು ಮ್ಯಾರಥಾನ್ ಪೇಸ್‌ನಲ್ಲೇ ಎಂಟು ಹತ್ತು ಕಿಲೋಮೀಟರ್. ಈ ಜೋರಿನ ದಿನಕ್ಕೂ ಲಾಂಗ್ ರನ್‌ಗೂ ನಡುವೆ ಕನಿಷ್ಠ ಎರಡು ದಿನ ಬಿಡಿ. ಜನವರಿಯ ಮುಂಬೈ ಮ್ಯಾರಥಾನ್‌ಗೆ ಹೋಗೋರಿಗೆ ಒಂದು ಎಚ್ಚರಿಕೆ, ಇಲ್ಲಿಯ ಡಿಸೆಂಬರ್ ತಂಪಲ್ಲಿ ಬಂದ ಪೇಸ್ ಸಮುದ್ರದ ಪಕ್ಕದ ಆ ಸೆಕೆಯಲ್ಲಿ ಬರಲ್ಲ, ಕಿಲೋಮೀಟರ್‌ಗೆ ಐದಾರು ಸೆಕೆಂಡ್ ಬಿಟ್ಕೊಟ್ಟು ಪ್ಲಾನ್ ಮಾಡಿ. ಕೊನೆಯ ಜೋರಿನ ವರ್ಕೌಟ್ ರೇಸ್‌ಗೆ ಹತ್ತು ದಿನ ಮುಂಚೆ ಮುಗೀಬೇಕು, ಆಮೇಲೆ ಗ್ರೂಪ್‌ನೋರು ಎಷ್ಟೇ ಕರೆದ್ರೂ ಟ್ರ್ಯಾಕ್ ಕಡೆ ಹೋಗ್ಬೇಡಿ, ಮಾಮೂಲಿ ನಿಧಾನದ ಓಟದ ಕೊನೆಗೆ ನಾಲ್ಕು ಸ್ಟ್ರೈಡ್ಸ್ ಹಾಕಿದ್ರೆ ಕಾಲು ಚುರುಕಾಗೇ ಇರುತ್ತೆ.