ಪುಲಕೇಶಿಗೆ ಖಾತೆ ತೆರೆದಾಗ

ಬಿ.ಎ. ಕೊನೆಯ ವರ್ಷದ ಇತಿಹಾಸ ಪ್ರಾಜೆಕ್ಟಿಗೆ ನಮಗೆ ಸಿಕ್ಕ ವಿಷಯ ಇದು: ಹಳೆಯ ಕಾಲದ ಒಬ್ಬ ರಾಜ ಇವತ್ತು ಇನ್‌ಸ್ಟಾಗ್ರಾಂನಲ್ಲಿ ಇದ್ದಿದ್ದರೆ ಏನು ಹಾಕುತ್ತಿದ್ದ? ಮುಂಬೈ ಕಾಲೇಜು, ಮೂವರ ತಂಡ. ನಾನು, ಮಂಗಳೂರು ಕಡೆಯ ಒಬ್ಬಳು, ಮರಾಠಿ ಗೆಳತಿ ಒಬ್ಬಳು. ನಾನು ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯೇ ಬೇಕು ಅಂತ ಹಟ ಹಿಡಿದೆ. ನಮ್ಮ ಅಜ್ಜನ ಊರು ಗುಳೇದಗುಡ್ಡ, ಬಾದಾಮಿಗೆ ಹತ್ತಿರ. ಡೊಂಬಿವಲಿಯ ಮನೆಯಲ್ಲಿ ಬಾದಾಮಿಯ ಮಾತು ಕೇಳುತ್ತಲೇ ನಾನು ಬೆಳೆದಿದ್ದು.

ಮೊದಲ ವಾರ ಹತ್ತು ಪೋಸ್ಟ್ ಬರೆದೆವು. ನರ್ಮದೆಯ ದಡದಲ್ಲಿ ಸೆಲ್ಫಿ, ಅರಮನೆಯ ಊಟ, ಹೀಗೆ. ನಮ್ಮ ಮೇಡಂ ಒಂದೊಂದಕ್ಕೂ ಕೇಳಿದ್ದು ಒಂದೇ ಪ್ರಶ್ನೆ: ‘ಇದು ನಿಮಗೆ ಹೇಗೆ ಗೊತ್ತಾಯ್ತು?’ ಹತ್ತರಲ್ಲಿ ಎಂಟು ಅಲ್ಲೇ ಬಿದ್ದುಹೋದವು. ಬೇಜಾರಾಯಿತು. ಆದರೆ ಕೆಲಸ ನಿಜವಾಗಿ ಶುರುವಾಗಿದ್ದು ಅವತ್ತೇ. ಒಂದು ಉದ್ದನೆಯ ಹಾಳೆಯಲ್ಲಿ ಮೂರು ಕಾಲಂ ಹಾಕಿದೆವು. ಪೋಸ್ಟ್ ಏನು, ಅದು ಎಲ್ಲಿಂದ ಬಂತು, ಅದನ್ನು ಬರೆಸಿದವರು ಯಾರು. ಈ ಮೂರನೆಯ ಕಾಲಂ ಎಲ್ಲರಿಗೂ ಹೇಳಬೇಕು ಅನ್ನಿಸುವಷ್ಟು ಉಪಯೋಗಕ್ಕೆ ಬಂತು.

ಐಹೊಳೆಯ ಮೇಗುತಿ ಗುಡಿಯ ಶಾಸನ ನಮ್ಮ ಮುಖ್ಯ ಆಧಾರ. ಕಾಲ ಶಕವರ್ಷ 556, ಅಂದರೆ ಕ್ರಿ.ಶ. 634-35. ಭಾಷೆ ಸಂಸ್ಕೃತ, ಲಿಪಿ ಹಳೆಯ ಕನ್ನಡದ್ದು. ಬರೆದವನು ರವಿಕೀರ್ತಿ. ವಿದ್ವಾಂಸ ಕೀಲ್‌ಹಾರ್ನ್ ಅದನ್ನು ಶಾಸನಗಳನ್ನು ಪ್ರಕಟಿಸುವ ಎಪಿಗ್ರಾಫಿಯಾ ಇಂಡಿಕಾದ 6ನೇ ಸಂಪುಟದಲ್ಲಿ ಅನುವಾದದ ಜೊತೆ ಕೊಟ್ಟಿದ್ದಾರೆ. 37 ಶ್ಲೋಕಗಳನ್ನು ನಾವು ಮೂವರೂ ಒಂದೊಂದಾಗಿ ಓದಿದೆವು. ಅರ್ಧ ಮುಗಿಯುವಷ್ಟರಲ್ಲಿ ನನಗೆ ಹೊಳೆದುಬಿಟ್ಟಿತು. ನಾವು ಹೊಸದಾಗಿ ಪೋಸ್ಟ್ ಬರೆಯಬೇಕಾಗಿಯೇ ಇಲ್ಲ. ಇದೇ ಪೋಸ್ಟ್. ಎಲ್ಲರ ಕಣ್ಣಿಗೆ ಬೀಳಲಿ ಅಂತ ಗುಡ್ಡದ ಮೇಲಿನ ಗುಡಿಯ ಗೋಡೆಗೆ ಹಾಕಿದ್ದು. ಪುಲಕೇಶಿಯ ಎದುರು ಉತ್ತರದ ದೊರೆ ಹರ್ಷನ ಸೋಲನ್ನು ರವಿಕೀರ್ತಿ ಎಷ್ಟು ಚೆನ್ನಾಗಿ ಹೇಳಿದ್ದಾನೆ ನೋಡಿ: ಯುದ್ಧದಲ್ಲಿ ಬಿದ್ದ ಆನೆಗಳನ್ನು ಕಂಡು ಹರ್ಷನ ಹರ್ಷ ಕರಗಿಹೋಯಿತು. ಇವತ್ತು ಹಾಕಿದರೂ ಜನ ಶೇರ್ ಮಾಡುವ ಸಾಲು ಅದು. ಕೊನೆಯಲ್ಲಿ ತಾನು ಕಾಳಿದಾಸ, ಭಾರವಿಯರ ಕೀರ್ತಿ ಪಡೆದವನು ಅಂತ ಕವಿ ತನ್ನ ಹೆಸರನ್ನೂ ಸೇರಿಸಿದ್ದಾನೆ. ಹಾಗಾಗಿ ಮೂರನೆಯ ಕಾಲಂನಲ್ಲಿ ‘ಪುಲಕೇಶಿ’ ಅಂತ ಬರೆದಿದ್ದನ್ನು ಅಳಿಸಿ ‘ರವಿಕೀರ್ತಿ, ಪುಲಕೇಶಿಯ ಆಶ್ರಯದಲ್ಲಿ’ ಅಂತ ತಿದ್ದಿದೆವು.

ಪ್ರೊಫೈಲ್ ಫೋಟೋಗೆ ನಾಲ್ಕು ದಿನ ಹೋಯಿತು. ಅಜಂತಾದ 1ನೇ ಗುಹೆಯಲ್ಲಿ ಪುಲಕೇಶಿ ಪರ್ಷಿಯಾದ ರಾಯಭಾರಿಯನ್ನು ಬರಮಾಡಿಕೊಳ್ಳುವ ಚಿತ್ರ ಇದೆ ಅಂತ ನಾವೆಲ್ಲ ಓದಿದ್ದೇವೆ, ಅಲ್ವಾ? ಅದನ್ನೇ ಹಾಕಿದ್ದೆವು. ಆದರೆ ಆ ಚಿತ್ರದಲ್ಲಿರುವುದು ಅವನೇ ಅಂತ ಈಗ ಬಹಳ ವಿದ್ವಾಂಸರು ಒಪ್ಪುವುದಿಲ್ಲ. ತೆಗೆದೆವು. ಬದಲಿಗೆ ಚಾಲುಕ್ಯರ ವರಾಹ ಲಾಂಛನ ಇಟ್ಟೆವು. ಹೆಸರಿನ ಜಾಗದಲ್ಲಿ ಅವನ ಬಿರುದು, ಸತ್ಯಾಶ್ರಯ.

ಒಂದು ಪೋಸ್ಟ್ ಮಾತ್ರ ನಮ್ಮ ಮುಂಬೈಗೇ ಸೇರಿದ್ದು ಅನ್ನಿಸಿತು. ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ನೂರಾರು ಹಡಗುಗಳಿಂದ ಮುತ್ತಿದ ಅಂತ ಶಾಸನ ಹೇಳುತ್ತದೆ. ಹಡಗುಗಳು ಮದ್ದಾನೆಗಳ ಹಾಗೆ ಕಂಡವಂತೆ. ಆಕಾಶ ಸಮುದ್ರದಂತೆ, ಸಮುದ್ರ ಆಕಾಶದಂತೆ ಇತ್ತಂತೆ. ಈ ಪುರಿಯೇ ಘಾರಾಪುರಿ, ಅಂದರೆ ಎಲಿಫೆಂಟಾ ಅನ್ನುವವರಿದ್ದಾರೆ. ಒಂದು ಭಾನುವಾರ ಗೇಟ್‌ವೇಯಿಂದ ಲಾಂಚ್ ಹತ್ತಿ ಹೋಗಿಬಂದೆವು. ಮೋಡ ಕವಿದಿತ್ತು. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಅಂತ ಗೊತ್ತಾಗುತ್ತಿರಲಿಲ್ಲ. ರವಿಕೀರ್ತಿಯ ಮಾತು ಅಲ್ಲಿ ನನಗೆ ನಿಜವಾಗಿ ಅರ್ಥವಾಯಿತು. ಆದರೂ ಲೊಕೇಶನ್ ಟ್ಯಾಗ್‌ನಲ್ಲಿ ಘಾರಾಪುರಿ ಅಂತ ಹಾಕಲಿಲ್ಲ, ಏಕೆಂದರೆ ಅದು ಮುರುಡ್ ಹತ್ತಿರದ ರಾಜಪುರಿ ಅನ್ನುವವರೂ ಇದ್ದಾರೆ. ‘ಪುರಿ, ಪಶ್ಚಿಮ ಸಮುದ್ರ’ ಅಂತ ಬಿಟ್ಟೆವು.

ಕಾಮೆಂಟುಗಳಿಗೆ ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಸಿಕ್ಕಿದ. ಹರ್ಷನ ಆದರ ಪಡೆದ ಯಾತ್ರಿಕನೇ ಈ ನಾಡಿನ ಜನ ಹರ್ಷನಿಗೆ ಬಗ್ಗಲಿಲ್ಲ ಅಂತ ಬರೆದಿದ್ದಾನೆ. ರಾಜನ ಕಡೆಯವರ ನೂರು ಹೊಗಳಿಕೆಗಿಂತ ಈ ಒಂದು ಮಾತಿಗೆ ತೂಕ ಜಾಸ್ತಿ.

ಇಷ್ಟಾದರೂ ಟೈಮ್‌ಲೈನ್ ಕೊನೆಯಲ್ಲಿ ಖಾಲಿ ಉಳಿಯಿತು. ಕ್ರಿ.ಶ. 642ರ ಸುಮಾರಿಗೆ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನು ಗೆದ್ದ. ಆ ಸೋಲಿನ ಬಗ್ಗೆ ಪುಲಕೇಶಿಯ ಕಡೆಯಿಂದ ಒಂದು ಪೋಸ್ಟ್ ಬರೆಯಬೇಕು ಅಂತ ಎಷ್ಟು ಒದ್ದಾಡಿದೆ! ಅಜ್ಜನ ಮುಂದೆ ಹೇಳಿಕೊಂಡೆ. ಅಜ್ಜ ಅಂದರು: ‘ಯವ್ವಾ, ತಾನು ಸೋತಿದ್ದನ್ನ ಯಾರು ಕಲ್ಲಾಗ ಕೆತ್ತಸ್ತಾರ? ಗೆದ್ದಾಂವ ಏನ್ ಬರಸ್ಯಾನ, ಅದನ್ನ ನೋಡು.’

ನೋಡಿದೆ. ಬಾದಾಮಿಯ ಬಂಡೆಯ ಮೇಲೆಯೇ ನರಸಿಂಹವರ್ಮನ ಶಾಸನ ಇದೆ. ಬೇರೆಯವನ ಗೋಡೆಯ ಮೇಲೆ ತನ್ನ ಪೋಸ್ಟ್! ಅವನಿಗೆ ‘ವಾತಾಪಿಕೊಂಡ’, ಅಂದರೆ ವಾತಾಪಿಯನ್ನು (ಬಾದಾಮಿಯನ್ನು) ಗೆದ್ದವನು, ಅನ್ನುವ ಬಿರುದೂ ಬಂತು. ಹಾಗಾಗಿ ಪುಲಕೇಶಿಯ ಖಾತೆಯನ್ನು ಅಲ್ಲಿಗೇ ನಿಲ್ಲಿಸಿ, ಮುಂದಿನ ಸ್ಲೈಡಿನಲ್ಲಿ ನರಸಿಂಹವರ್ಮನ ಖಾತೆ ತೆರೆದೆವು. ಅದಕ್ಕೆ ಉತ್ತರ ಬಂದಿದ್ದು ಸುಮಾರು 100 ವರ್ಷ ಆದ ಮೇಲೆ, ಪಲ್ಲವರ ರಾಜಧಾನಿ ಕಂಚಿಯಲ್ಲಿ. ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಅಲ್ಲಿನ ಕೈಲಾಸನಾಥ ಗುಡಿಯ ಸಂಪತ್ತನ್ನು ನೋಡಿ ಅದನ್ನು ದೇವರಿಗೇ ಬಿಟ್ಟುಕೊಟ್ಟ. ಅದನ್ನು ಆ ಗುಡಿಯ ಕಂಬದ ಮೇಲೆ ಬರೆಸಿದ, ಕನ್ನಡದಲ್ಲಿ. ಇದನ್ನು ಓದಿ ಹೇಳಿದಾಗ ಅಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಇನ್ನೊಮ್ಮೆ ಓದು’ ಅಂದರು.